ಅಜ್ಜಿಯ ನಂಬಿಕೆಯ ಕಥೆ ಮೊಮ್ಮಕ್ಕಳಿಗೆ ತಲುಪಿಸುವುದು ಹೇಗೆ? ಮಲೆನಾಡಿನ ಕ್ರೈಸ್ತ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಅಜ್ಜಿಯ ಮಾತನ್ನು ಮೊದಲ ಸಲ ರೆಕಾರ್ಡ್ ಮಾಡಲು ಕೂತಿದ್ದು ಜುಲೈ ತಿಂಗಳಲ್ಲಿ. ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ, ಜಗಲಿ ಮುಂದೆ ತಗಡಿನ ಶೀಟು. ಐವತ್ತು ನಿಮಿಷ ಮಾತಾಡಿದಳು. ಶಿವಮೊಗ್ಗಕ್ಕೆ ಬಂದು ಕೇಳಿದರೆ ಐವತ್ತು ನಿಮಿಷವೂ ಮಳೆ. ನಡುವೆ ಎಲ್ಲೋ ಒಂದು ಕೆಮ್ಮು.

ಮಳೆ ಹೋಗಲಿ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. "ಅಜ್ಜಿ, ನಿನ್ನ ನಂಬಿಕೆ ಬಗ್ಗೆ ಹೇಳು" ಅಂದಿದ್ದೆ. ಅಜ್ಜಿ ಸೆರಗು ಸರಿಮಾಡಿಕೊಂಡು, ಚರ್ಚಿನ ಹೆಂಗಸರ ಕೂಟದಲ್ಲಿ ಸಾಕ್ಷಿ ಹೇಳುವವಳಂತೆ ನೆಟ್ಟಗೆ ಕೂತಳು. ದೇವರು ದೊಡ್ಡವನು, ಎಂದೂ ಕೈ ಬಿಡಲಿಲ್ಲ, ನೀವೂ ದಿನಾ ಸತ್ಯವೇದ ಓದಬೇಕು. ಎಲ್ಲ ಸರಿಯೇ. ಆದರೆ ಅದು ಯಾವ ಅಜ್ಜಿ ಬೇಕಾದರೂ ಹೇಳಬಹುದಾದ ಮಾತು. ನಮ್ಮ ಅಜ್ಜಿ ಅದರಲ್ಲಿ ಇರಲೇ ಇಲ್ಲ.

ಎರಡನೇ ಸಲ ಹೋದಾಗ ಮಳೆ ಬಿಟ್ಟಿತ್ತು. ಅಡುಗೆಮನೆಯಲ್ಲಿ ಕೂತು ಸುಮ್ನೆ ಕೇಳಿದೆ: "ಅಪ್ಪ ನಿನ್ನ ಹೊಟ್ಟೇಲಿದ್ದಾಗ ಮನೇಲಿ ಏನು ಸಾರು ಮಾಡ್ತಿದ್ದೆ?"

"ಸಾರಾ? ಬೇಳೆ ಇದ್ದರಲ್ವಾ ಸಾರು" ಅಂದಳು. ಅಲ್ಲಿಂದ ಕುಂಬಳಕಾಯಿಯ ಕಥೆ ಬಂತು.

ಅಜ್ಜ ಶಾಲೆ ಮೇಷ್ಟ್ರು. ಎರಡು ತಿಂಗಳಿಂದ ಸಂಬಳ ಬಂದಿರಲಿಲ್ಲ. ಹಿತ್ತಲಲ್ಲಿ ಬೆಳೆದ ಒಂದೇ ಒಂದು ಕುಂಬಳಕಾಯಿಯನ್ನು ಅಜ್ಜಿ ಚರ್ಚಿನ ಸುಗ್ಗಿ ಹಬ್ಬಕ್ಕೆ ಅಂತ ಅಟ್ಟದ ಮೇಲೆ ಎತ್ತಿಟ್ಟಿದ್ದಳು. ಹಬ್ಬದ ಹಿಂದಿನ ದಿನ ಅಜ್ಜ, "ಮನೇಲಿ ಏನೂ ಇಲ್ಲ, ಅದನ್ನೇ ಬೇಯಿಸು" ಅಂದರು. ಅಜ್ಜಿ ಕೇಳಲಿಲ್ಲ. ತುಂಬು ಬಸುರಿ, ಕಾಯಿ ಸೊಂಟದ ಮೇಲಿಟ್ಟುಕೊಂಡು ಕಾಲುಸಂಕ ದಾಟಿ ಹೋದಳು. ಆರಾಧನೆ ಮುಗಿದ ಮೇಲೆ ಹರಾಜು. ಬಾಳೆಗೊನೆ, ಕೋಳಿ, ಬೆಲ್ಲದ ಅಚ್ಚು ಎಲ್ಲ ಹೋದವು, ಕುಂಬಳಕಾಯಿಯೂ ಹೋಯಿತು. ಯಾರು ಕೂಗಿದರು ಅಂತ ಅಜ್ಜಿ ನೋಡಲಿಲ್ಲ. "ನೋಡಿದ್ರೆ ಅಳು ಬರ್ತಿತ್ತು" ಅಂದಳು. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ಮೇಲೆ ಅದೇ ಕಾಯಿ. ಅದೇ ಅಂತ ಹೇಗೆ ಗೊತ್ತು? ತೊಟ್ಟಿನ ಪಕ್ಕ ಇಲಿ ಕಚ್ಚಿದ ಗುರುತಿತ್ತು.

ಹೇಗೆ ಕೇಳಬೇಕು ಅಂತ ನನಗೆ ಕಲಿಸಿದ್ದು ಆ ಇಲಿ ಕಚ್ಚಿದ ಗುರುತು. ಮುಂದಿನದೆಲ್ಲ ನಾನು ತಪ್ಪು ಮಾಡಿ ಮಾಡಿ ಕಲಿತದ್ದು. ನಮ್ಮದು ಕನ್ನಡ ಮಾತಾಡುವ ಸಿ.ಎಸ್.ಐ. ಮನೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು. ಹೆಂಡತಿಯದು ಕೊಪ್ಪ ಕಡೆಯ ಕೊಂಕಣಿ ಕಥೋಲಿಕರ ಮನೆ. ಹಾಗಾಗಿ ಎರಡೂ ಕಡೆಯ ಉದಾಹರಣೆ ಸಿಗುತ್ತವೆ.

ಹೆಜ್ಜೆ 1: ಪ್ರಶ್ನೆಯನ್ನು ವಸ್ತುವಿನಿಂದ ಶುರು ಮಾಡಿ

ನಂಬಿಕೆ, ಪ್ರಾರ್ಥನೆ, ಆಶೀರ್ವಾದ ಈ ಪದಗಳನ್ನು ಮೊದಲ ಅರ್ಧ ಗಂಟೆ ನೀವು ಬಾಯಿಗೇ ತರಬೇಡಿ. ಆ ಪದ ಕಿವಿಗೆ ಬಿದ್ದ ಕೂಡಲೇ ಹಿರಿಯರು ಉಪದೇಶಕ್ಕೆ ಹೊರಳುತ್ತಾರೆ. ಅದು ಅವರ ತಪ್ಪಲ್ಲ. ಅಷ್ಟು ವರ್ಷ ಚರ್ಚಿನಲ್ಲಿ ಕೂತಿದ್ದಾರೆ, ಹಾಗೆ ಮಾತಾಡಬೇಕು ಅಂತ ಅಭ್ಯಾಸವಾಗಿದೆ.

ಬದಲಿಗೆ ಏನಾದರೊಂದು ಕೈಗೆ ಕೊಡಿ. ಹಳೇ ಸತ್ಯವೇದ, ಮದುವೆ ಫೋಟೋ, ಜಪಸರ, ಸಾಮೂಹಿಕ ಫೋಟೋದಲ್ಲಿ ಮೂಲೆಗೆ ನಿಂತವರ ಮುಖ. "ಇದು ಯಾರು ಕೊಟ್ಟಿದ್ದು?" ಅಂತ ಕೇಳಿ. ನನಗೆ ಚೆನ್ನಾಗಿ ಕೆಲಸ ಮಾಡಿದ ಕೆಲವು ಪ್ರಶ್ನೆಗಳು ಹೀಗಿವೆ. ಚರ್ಚಿಗೆ ಹೋಗುವ ದಾರಿ ಯಾವುದು, ಮಳೆಗಾಲದಲ್ಲಿ ಹೊಳೆ ದಾಟುತ್ತಿದ್ದುದು ಹೇಗೆ? ಕಂಬಳಿಕೊಪ್ಪೆಯಾ, ಛತ್ರಿಯಾ? ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ ಯಾವ ಅಂಗಡಿಯಿಂದ ಬರುತ್ತಿತ್ತು, ಸಾಲವಾ ನಗದಾ? ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಗುಂಡಿ ತೋಡಿದವರು ಯಾರು? ಕೊನೆಯ ಪ್ರಶ್ನೆ ಒರಟು ಅನ್ನಿಸಬಹುದು. ಆದರೆ ಆ ಗುಂಡಿಯ ಸುತ್ತ ಎಷ್ಟು ಕಥೆ ನಿಂತಿರುತ್ತದೆ ಅಂದರೆ, ಒಮ್ಮೆ ಕೇಳಿ ನೋಡಿ.

ಇನ್ನೊಂದು ಪ್ರಶ್ನೆಗೆ ಧೈರ್ಯ ಬೇಕು: "ದೇವರ ಮೇಲೆ ಸಿಟ್ಟು ಬಂದಿತ್ತಾ?" ಕುಂಬಳಕಾಯಿ ಹೊತ್ತು ನಡೆದ ದಿನದ ಬಗ್ಗೆ ಇದನ್ನು ಕೇಳಿದಾಗ ಅಜ್ಜಿ ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, "ಬಂದಿತ್ತು. ದಾರಿಯುದ್ದಕ್ಕೂ ಬೈಕೊಂಡೇ ಹೋದೆ" ಅಂದಳು. ಕಥೆಯ ಜೀವ ಆ ಒಂದು ಮಾತಿನಲ್ಲಿದೆ.

ಹೆಜ್ಜೆ 2: ಯಾರ ಹತ್ತಿರ, ಯಾವಾಗ

ಮನೆಯಲ್ಲಿ ಜಾಸ್ತಿ ಮಾತಾಡುವವರು ಒಬ್ಬರಿರುತ್ತಾರೆ. ಎಲ್ಲರೂ ಅವರ ಹತ್ತಿರವೇ ಹೋಗುತ್ತಾರೆ. ನೀವು ಎರಡನೆಯವರ ಹತ್ತಿರವೂ ಹೋಗಿ. ಮದುವೆಯಾಗಿ ಬಂದ ಸೊಸೆಯಂದಿರು, ಮದುವೆಯಾಗದೆ ಉಳಿದ ಚಿಕ್ಕಮ್ಮ, ತೋಟದಲ್ಲಿ ರೈಟರ ಕೆಲಸ ಮಾಡಿದ ದೊಡ್ಡಪ್ಪ, ಇವರ ಹತ್ತಿರ ಬೇರೆಯೇ ಕಥೆ ಇರುತ್ತದೆ. ಪಕ್ಕದ ಮನೆಯ ಹಿಂದೂ, ಮುಸ್ಲಿಂ ಹಿರಿಯರನ್ನೂ ಬಿಡಬೇಡಿ. ನಿಮ್ಮ ಅಜ್ಜ ಹೇಗಿದ್ದರು ಅಂತ ಅವರು ಸಂಕೋಚವಿಲ್ಲದೆ ಹೇಳುತ್ತಾರೆ.

ಹಬ್ಬದ ದಿನ ಬೇಡ, ಗದ್ದಲ. ಊಟವಾಗಿ ಸ್ವಲ್ಪ ಮಲಗಿ ಎದ್ದ ಮೇಲಿನ ಹೊತ್ತು ಒಳ್ಳೆಯದು. ಏನಾದರೂ ಕೈಕೆಲಸ ಇದ್ದರೆ ಇನ್ನೂ ಒಳ್ಳೆಯದು. ಅಡಿಕೆ ಸುಲಿಯುತ್ತಾ, ಹಲಸಿನ ತೊಳೆ ಬಿಡಿಸುತ್ತಾ ಆಡಿದ ಮಾತಿಗೂ ಕುರ್ಚಿಯಲ್ಲಿ ಕೂರಿಸಿ ಆಡಿಸಿದ ಮಾತಿಗೂ ತುಂಬಾ ವ್ಯತ್ಯಾಸವಿದೆ.

ಹೆಜ್ಜೆ 3: ರೆಕಾರ್ಡಿಂಗ್

ದುಬಾರಿ ಮೈಕು ಬೇಕಿಲ್ಲ, ಫೋನು ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ. ಗಟ್ಟಿ ಮೇಜಿನ ಮೇಲೆ ಬರಿದೇ ಇಡಬೇಡಿ, ಕೆಳಗೆ ಒಂದು ಟವೆಲ್ ಮಡಚಿಡಿ. ಮಾತಾಡುವವರಿಂದ ಒಂದು ಮೊಳ ದೂರದಲ್ಲಿದ್ದರೆ ಸಾಕು. ಫ್ಯಾನು, ಟಿವಿ, ಮಿಕ್ಸಿ ನಿಲ್ಲಿಸಿ. ಮಳೆಗಾಲದಲ್ಲಿ ಮಾಡಲೇಬೇಕು ಅಂದರೆ ತಗಡಿನ ಶೀಟಿನಿಂದ ದೂರ, ಒಳಮನೆಯಲ್ಲಿ, ಬಟ್ಟೆ ಹಾಸಿಗೆ ಇರುವ ಕೋಣೆಯಲ್ಲಿ ಕೂರಿ. ಬಟ್ಟೆ ಸದ್ದನ್ನು ನುಂಗುತ್ತದೆ.

ಶುರುವಿನಲ್ಲಿ ನಿಮ್ಮ ಬಾಯಲ್ಲೇ ತಾರೀಕು, ಊರು, ಮಾತಾಡುವವರ ಹೆಸರು ಹೇಳಿ. ಫೈಲಿನ ಹೆಸರು ಅಳಿಸಿ ಹೋದರೂ ದನಿ ಗುರುತು ಹೇಳುತ್ತದೆ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಹೇಳಿಯೇ ಮಾಡಿ. ಕದ್ದು ಮಾಡಿದ್ದು ಗೊತ್ತಾದರೆ ಮುಂದೆ ನಿಮ್ಮೆದುರು ಯಾರೂ ಬಾಯಿ ಬಿಡುವುದಿಲ್ಲ. ಮುಕ್ಕಾಲು ಗಂಟೆಗಿಂತ ಜಾಸ್ತಿ ಎಳೆಯಬೇಡಿ. ನಡುವೆ ಮೌನ ಬಂದರೆ ಬಾಯಿ ಹಾಕಬೇಡಿ, ಮನಸ್ಸಿನಲ್ಲೇ ಹತ್ತರ ತನಕ ಎಣಿಸಿ. ಮುಖ್ಯ ಮಾತು ಹೆಚ್ಚಾಗಿ ಏಳಕ್ಕೋ ಎಂಟಕ್ಕೋ ಬರುತ್ತದೆ.

ಬರೆದಿಡುವಾಗ ಅವರ ಮಾತನ್ನು ತಿದ್ದಬೇಡಿ. ಅಜ್ಜಿ "ಯೇಸಪ್ಪ" ಅಂದರೆ "ಯೇಸಪ್ಪ" ಅಂತಲೇ ಬರೆಯಿರಿ. ನಮ್ಮ ಮನೆಯಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಅನ್ನುವುದನ್ನು ಅತ್ತೆಯ ಮನೆಯಲ್ಲಿ ಜ್ಞಾನಸ್ನಾನ ಅನ್ನುತ್ತಾರೆ. ನಮಗೆ ಆರಾಧನೆ, ಅವರಿಗೆ ಬಲಿಪೂಜೆ. ಇವನ್ನು ಒಂದೇ ಮಾಡಲು ಹೋದರೆ ಎರಡೂ ಮನೆಯ ರುಚಿ ಕೆಡುತ್ತದೆ.

ಹೆಜ್ಜೆ 4: ವರ್ಷ ಹಿಡಿಯುವುದು, ದಾಖಲೆ ನೋಡುವುದು

"ಯಾವ ವರ್ಷ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ. "ಲಿಂಗನಮಕ್ಕಿ ಅಣೆಕಟ್ಟು ಕಟ್ಟುವಾಗಲಾ, ಆಮೇಲಾ?" ಅಂತ ಕೇಳಿ. ಅದು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತದ್ದು 1978. ಮಲೆನಾಡಿನಲ್ಲಿ ಇವನ್ನು ಮರೆತ ಹಿರಿಯರು ಕಮ್ಮಿ. ಕಥೋಲಿಕರ ಮನೆಯಾದರೆ ಇನ್ನೊಂದು ಗುರುತಿದೆ: "ಪೂಜೆ ಲ್ಯಾಟಿನ್‌ನಲ್ಲಿತ್ತಾ? ಫಾದರ್ ಆ ಕಡೆ ಮುಖ ಮಾಡಿ ನಿಲ್ತಿದ್ರಾ?" ಹೌದು ಅಂದರೆ ಕಥೆ ಹೆಚ್ಚುಕಮ್ಮಿ 1960ರ ದಶಕಕ್ಕಿಂತ ಈಚಿನದಲ್ಲ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರವೇ ಪೂಜೆ ಜನರ ಭಾಷೆಗೆ ಬಂದದ್ದು.

ನಮ್ಮ ಅಪ್ಪ ಹುಟ್ಟಿದ್ದು ಲಿಂಗನಮಕ್ಕಿ ಮುಗಿಯುವ ಮೊದಲು ಅಂತ ಅಜ್ಜಿ ಖಚಿತವಾಗಿ ಹೇಳಿದಳು. ಶಾಲೆಯ ಸರ್ಟಿಫಿಕೇಟಿನಲ್ಲಿ ಬೇರೆ ವರ್ಷ ಇದೆ. ಚರ್ಚಿನ ಪುಸ್ತಕ ನೋಡಿದರೆ ಅಜ್ಜಿಯೇ ಸರಿ.

ಆ ಪುಸ್ತಕಗಳ ಬಗ್ಗೆ ಸ್ವಲ್ಪ ಹೇಳಬೇಕು. ಕಥೋಲಿಕ ಚರ್ಚುಗಳಲ್ಲಿ ಜ್ಞಾನಸ್ನಾನದ ಪುಸ್ತಕದಲ್ಲಿ ಆ ವ್ಯಕ್ತಿಯ ಮದುವೆಯನ್ನೂ ಮುಂದೆ ಪಕ್ಕದಲ್ಲೇ ಬರೆದುಕೊಳ್ಳುವ ನಿಯಮವಿದೆ. ಅಂದರೆ ಒಂದು ಸಾಲು ಸಿಕ್ಕರೆ ಮದುವೆ ಎಲ್ಲಾಯಿತು ಅನ್ನುವ ಸುಳಿವೂ ಸಿಗಬಹುದು, ಅಲ್ಲಿಂದ ಮುಂದಿನ ಚರ್ಚಿಗೆ ಹೋಗಬಹುದು. ಹಳೇ ಪುಟಗಳು ಲ್ಯಾಟಿನ್‌ನಲ್ಲಿದ್ದರೆ ಹೆದರಬೇಡಿ. ನಾಲ್ಕು ಪದ ಗೊತ್ತಿದ್ದರೆ ಸಾಕು. 'ನಾಟುಸ್' ಅಂದರೆ ಹುಟ್ಟಿದವನು, 'ಸೆಪುಲ್ಟುಸ್' ಅಂದರೆ ಮಣ್ಣಾದವನು, 'ಪಟ್ರಿನುಸ್' ಜ್ಞಾನತಂದೆ, 'ಮಟ್ರಿನಾ' ಜ್ಞಾನತಾಯಿ. ಹೆಸರುಗಳೂ ವೇಷ ಹಾಕಿಕೊಂಡಿರುತ್ತವೆ. ಮನೆಯ ಪೆದ್ರು ಅಲ್ಲಿ ಪೆಟ್ರುಸ್, ಲುವಿಸ್ ಲುಡೋವಿಕುಸ್, ಜುವಾಂವ್ ಯೊವಾನ್ನೆಸ್. ಅತ್ತೆಯ ಮಾವನನ್ನು ಹುಡುಕಲು ನಮಗೆ ಎರಡು ಸಲ ಓಡಾಟವಾಯಿತು. ಕಣ್ಣೆದುರೇ ಇದ್ದರು, ಲುಡೋವಿಕುಸ್ ಅಂತ.

ಹೋಗುವ ಮುಂಚೆ ಫೋನ್ ಮಾಡಿ. ಭಾನುವಾರ ಪೂಜೆ ಮುಗಿದ ಕೂಡಲೇ ಫಾದರ್ ಎದುರು ನಿಲ್ಲಬೇಡಿ. ಅಂದಾಜು ವರ್ಷ, ಅಪ್ಪ ಅಮ್ಮನ ಹೆಸರು ಬರೆದುಕೊಂಡು ಹೋಗಿ. ಫೋಟೋ ತೆಗೆಯಬಹುದಾ ಅಂತ ಕೇಳಿ, ಬೇಡ ಅಂದರೆ ಬೇಡ. ಚರ್ಚು ಹೊಸದಾದರೆ ಹಳೇ ದಾಖಲೆ ಅದರ ತಾಯಿಚರ್ಚಿನಲ್ಲಿರಬಹುದು. ಚಿಕ್ಕಮಗಳೂರು ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ, ಆದದ್ದು 1963ರಲ್ಲಿ, ಶಿವಮೊಗ್ಗದ್ದು 1988ರಲ್ಲಿ. ಅದಕ್ಕೂ ಹಿಂದಿನ ಕಾಗದಗಳ ಮೇಲೆ ಬೇರೆ ಊರಿನ ಮೊಹರು ಕಂಡರೆ ಗಾಬರಿಯಾಗಬೇಡಿ.

ನಮ್ಮ ಕಡೆಯೂ ಇಂಥದೇ ಗೊಂದಲ. ಅಜ್ಜನ ಕಾಗದದಲ್ಲಿ ವೆಸ್ಲಿಯನ್ ಮಿಷನ್ ಅಂತಿತ್ತು, ಅದು ಮೆಥಡಿಸ್ಟರ ಮಿಷನ್. "ಹಾಗಾದ್ರೆ ಅಜ್ಜ ಚರ್ಚು ಬದಲಾಯಿಸಿದ್ರಾ?" ಅಂತ ತಂಗಿ ಕೇಳಿದಳು. ಅಜ್ಜ ಎಲ್ಲೂ ಹೋಗಲಿಲ್ಲ, ಚರ್ಚಿನ ಹೆಸರು ಬದಲಾಯಿತು. ಮೆಥಡಿಸ್ಟರು, ಆಂಗ್ಲಿಕನರು ಮತ್ತು ದಕ್ಷಿಣ ಭಾರತದ ಐಕ್ಯ ಸಭೆಯವರು ಸೇರಿ ಸಿ.ಎಸ್.ಐ. ಆದದ್ದು 1947ರ ಸೆಪ್ಟೆಂಬರ್ 27ರಂದು. ಮೆಥಡಿಸ್ಟ್ ಮಿಷನರಿಗಳ ಹಳೇ ಕಡತ ಲಂಡನ್ನಿನ ಸೋಯಾಸ್ (SOAS) ವಿಶ್ವವಿದ್ಯಾಲಯದಲ್ಲಿದೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಳೇ ಫೋಟೋಗಳನ್ನು ಆನ್‌ಲೈನ್‌ನಲ್ಲೇ ನೋಡಬಹುದು. ನಿಮ್ಮ ಮುತ್ತಜ್ಜ ಸಿಗುತ್ತಾರೆ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಆದರೆ ಆ ಕಾಲದ ಬಟ್ಟೆ, ಶಾಲೆ, ಬೆಂಚು ಸಿಗುತ್ತದೆ. ಕಥೆಗೆ ಅದೂ ಬೇಕು.

ಸೂರಿನ ಹೆಂಚು ನೋಡಿ ಮೋಸ ಹೋಗಬೇಡಿ. ಹೆಂಚಿನ ಮೇಲೆ 1865 ಅಂತ ಅಚ್ಚಿದ್ದರೆ ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ನಿಮ್ಮ ಮನೆ ಕಟ್ಟಿದ ವರ್ಷವಲ್ಲ. ನಮ್ಮ ದೊಡ್ಡಪ್ಪ ಈ ಲೆಕ್ಕದಲ್ಲಿ ಮನೆಗೆ ನೂರೈವತ್ತು ದಾಟಿಸಿದ್ದರು.

ಹೆಜ್ಜೆ 5: ಹೇಳಲು ಕಷ್ಟವಾದ ಕಥೆಗಳು

ಮತ ಬದಲಿಸಿದಾಗ ಬಿಟ್ಟುಹೋದ ನೆಂಟರು, ಜಾತಿಯ ಅವಮಾನ, ಚರ್ಚಿನೊಳಗಿನ ಜಗಳ, ಕುಡಿತ, ಚರ್ಚು ಬಿಟ್ಟ ಮಗ. ಯಾವ ಮನೆಯಲ್ಲಿಲ್ಲ? ಇವನ್ನು ಬಿಟ್ಟು ಬರೀ ಒಳ್ಳೆಯದನ್ನೇ ಹೇಳಿದರೆ ಹದಿನೈದು ವರ್ಷದ ಮಕ್ಕಳಿಗೆ ತಕ್ಷಣ ವಾಸನೆ ಬಡಿಯುತ್ತದೆ. ಆದರೆ ಕಥೆ ಯಾರದೋ ಅವರ ಒಪ್ಪಿಗೆ ಬೇಕು. ನಾನು ನೋಟ್‌ಬುಕ್ಕಿನಲ್ಲಿ ಮೂರು ಗುರುತು ಹಾಕುತ್ತೇನೆ: ಎಲ್ಲರಿಗೂ ಹೇಳಬಹುದು, ಮನೆಯೊಳಗೆ ಮಾತ್ರ, ಅವರು ಹೋದ ಮೇಲೆ. ಹಿರಿಯರನ್ನೇ ಕೇಳಿ ಹಾಕುವುದು.

ಮತ ಬದಲಿಸಿದ ಕಥೆಯಲ್ಲಿ ಹಳೆಯದನ್ನು ಕತ್ತಲು, ಹೊಸದನ್ನು ಬೆಳಕು ಮಾಡಿ ಹೇಳುವ ಚಟವಿದೆ. ಮಕ್ಕಳು ನಾಳೆ ಶಾಲೆಯಲ್ಲಿ ಕೂರುವುದು ಆ ಹಳೆಯ ಮನೆಯವರ ಮೊಮ್ಮಕ್ಕಳ ಪಕ್ಕದಲ್ಲೇ. ಮುತ್ತಜ್ಜನಿಗೆ ಏನು ಸಿಕ್ಕಿತು ಅಂತ ಹೇಳಿ, ಏನು ಕಳೆದುಕೊಂಡರು ಅಂತಲೂ ಹೇಳಿ. ಬಿಟ್ಟು ಬಂದವರನ್ನು ಬೈಯಬೇಡಿ.

ದೊಡ್ಡ ಚರಿತ್ರೆಯನ್ನೂ ಜೋಪಾನವಾಗಿ ಮುಟ್ಟಿ. ಘಟ್ಟದ ಕೆಳಗಿನಿಂದ ಕಾಫಿ ತೋಟಗಳಿಗೆ ಬಂದ ಕೊಂಕಣಿ ಮನೆಗಳಲ್ಲಿ ಟಿಪ್ಪುವಿನ ಕಾಲದ ಸೆರೆಯ ಕಥೆ ಕೇಳಿಸುತ್ತದೆ. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, 1799ರ ನಂತರ ಉಳಿದವರು ಮರಳಿದ್ದು ಚರಿತ್ರೆ. ನಿಮ್ಮ ಪೂರ್ವಜರು ಬಾವಿಯಲ್ಲಿ ಶಿಲುಬೆ ಬಚ್ಚಿಟ್ಟರು ಅನ್ನುವುದು ಮನೆಯ ಮಾತು. ಎರಡನ್ನೂ ಹೇಳಿ, ಯಾವುದು ಯಾವುದು ಅಂತಲೂ ಹೇಳಿ.

ಹೆಜ್ಜೆ 6: ಮೂರು ನಿಮಿಷಕ್ಕೆ ಇಳಿಸಿ

ಮುಕ್ಕಾಲು ಗಂಟೆಯ ರೆಕಾರ್ಡಿಂಗ್ ಯಾವ ಮಗುವೂ ಕೇಳುವುದಿಲ್ಲ. ಒಬ್ಬರು, ಒಂದು ಜಾಗ, ಒಂದು ಕಷ್ಟ, ಕಣ್ಣಿಗೆ ಕಾಣುವ ಒಂದು ವಸ್ತು. ಕೊನೆಯಲ್ಲಿ "ಇದರಿಂದ ನಾವು ಕಲಿಯಬೇಕಾದ್ದೇನೆಂದರೆ" ಅನ್ನಬೇಡಿ. ಮಕ್ಕಳು ಅಲ್ಲಿಗೆ ಎದ್ದು ಹೋಗುತ್ತಾರೆ.

ಮತ್ತೆ, ಉಬ್ಬಿಸಬೇಡಿ. ನಮ್ಮ ಚಿಕ್ಕಪ್ಪ ಹೇಳುವಾಗ ಜಗಲಿಯ ಮೇಲೆ ಒಂದಿದ್ದ ಕಾಯಿ ಎರಡಾಯಿತು, ಪಕ್ಕದಲ್ಲಿ ಅಕ್ಕಿಯ ಮೂಟೆ ಬಂತು, ಒಂದು ಕ್ರಿಸ್‌ಮಸ್ಸಿನಲ್ಲಂತೂ ದೇವದೂತನೇ ಬಂದುಬಿಟ್ಟ. ಅಜ್ಜಿ ಒಳಗಿನಿಂದಲೇ ಕೂಗಿದಳು: "ದೇವದೂತ ಅಲ್ಲ ಮಾರಾಯ, ಚಪ್ಪಲಿ ಗುರುತಿತ್ತು ಕೆಸರಲ್ಲಿ!" ಚಪ್ಪಲಿ ಗುರುತಿನ ಮಾತು ನನಗೆ ಗೊತ್ತಾದದ್ದೇ ಆಗ. ಯಾರೋ ಒಬ್ಬ ಮನುಷ್ಯ ಕತ್ತಲಲ್ಲಿ ನಡೆದು ಬಂದು ಇಟ್ಟು ಹೋಗಿದ್ದಾನೆ. ನನಗಂತೂ ದೇವದೂತನಿಗಿಂತ ಇವನೇ ದೊಡ್ಡವನು.

ಹೆಜ್ಜೆ 7: ಕಥೆಗೊಂದು ದಿನ ಕೊಡಿ

ಯೆಹೋಶುವನ ಗ್ರಂಥದ ನಾಲ್ಕನೇ ಅಧ್ಯಾಯದಲ್ಲಿ ಇಸ್ರಾಯೇಲರು ಯೊರ್ದನ್ ಹೊಳೆಯಿಂದ ಹನ್ನೆರಡು ಕಲ್ಲು ಎತ್ತಿ ತಂದು ನಿಲ್ಲಿಸುತ್ತಾರೆ. ಯಾಕೆ? ಮುಂದೆ ಮಕ್ಕಳು "ಈ ಕಲ್ಲು ಯಾಕೆ?" ಅಂತ ಕೇಳಲಿ ಅಂತ. ಉಪಾಯ ನೋಡಿ. ಮೊದಲು ಕಲ್ಲು, ಆಮೇಲೆ ಪ್ರಶ್ನೆ, ಆಮೇಲೆ ಕಥೆ. ನಾವು ಉಲ್ಟಾ ಮಾಡುತ್ತೇವೆ, ಕೇಳದಿದ್ದರೂ ಹೇಳುತ್ತೇವೆ.

ಅತ್ತೆಯ ಮನೆಯಲ್ಲಿ ಈ ಕಲ್ಲುಗಳು ತಾವಾಗಿಯೇ ಇವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಮುಂಚೆ ಮಕ್ಕಳು ದಿನಾ ಹೂ ಕೊಯ್ದು ಮರಿಯಮ್ಮನವರಿಗೆ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಅವತ್ತು ಮೀನು ಮಾಂಸ ಇಲ್ಲ. "ಇವತ್ತು ಯಾಕೆ ಮೀನಿಲ್ಲ?" ಅಂತ ನನ್ನ ಮಗ ಕೇಳಿದ. ಅತ್ತೆ ಎಲೆ ಹಾಕುತ್ತಲೇ ಅವರ ಅಪ್ಪ ಘಟ್ಟ ಹತ್ತಿ ಬಂದ ಮೊದಲ ವರ್ಷದ ಕಥೆ ತೆಗೆದರು. ತೋಟದ ಕೆಲಸದವರ ಲೈನುಮನೆಯಲ್ಲಿ ಭತ್ತ ಎಲ್ಲಿಂದ ಬರಬೇಕು? ಪಕ್ಕದ ಗೌಡರ ಗದ್ದೆಯಿಂದ ಏಳು ತೆನೆ ಕೇಳಿ ತಂದರಂತೆ.

ಕ್ರಿಸ್‌ಮಸ್ಸಿನ ತಿಂಡಿಗಳಾದ ಕುಸ್ವಾರ್ ಕೂಡ ಅಷ್ಟೇ. ಅದರಲ್ಲಿ ಒಂದಾದ ಕಿಡಿಯೊ ಅನ್ನುವ ಕರಿದ ತಿಂಡಿಯ ಹಿಟ್ಟನ್ನು ಬಾಚಣಿಗೆಯ ಹಿಂದೆ ಒತ್ತಿ ಸುರುಳಿ ಮಾಡಲು ನಾಲ್ಕು ಜನ ಕೂರಬೇಕು. ಕೈಗೆ ಕೆಲಸ, ಬಾಯಿಗೆ ಬಿಡುವು. ರೆಡಿಮೇಡ್ ಡಬ್ಬ ತರುವವರನ್ನು ನಾನು ಬೈಯುವುದಿಲ್ಲ, ನಾವೂ ಎರಡು ವರ್ಷ ತಂದಿದ್ದೇವೆ. ಆ ಎರಡು ವರ್ಷ ಒಂದೂ ಹೊಸ ಕಥೆ ಬರಲಿಲ್ಲ. ದಿನಾ ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಮಕ್ಕಳು ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವ ಪದ್ಧತಿ ಇನ್ನೂ ಇದ್ದರೆ, ಅದರ ಬಾಲಕ್ಕೆ ಒಂದು ನಿಮಿಷದ ಕಥೆ ಸಿಕ್ಕಿಸಿ.

ಸಿ.ಎಸ್.ಐ. ಮನೆಯವರಿಗೆ ಸುಗ್ಗಿ ಹಬ್ಬದ ಹರಾಜಿದೆ. ಇಬ್ಬರಿಗೂ ಸ್ಮಶಾನವಿದೆ. ಕಥೋಲಿಕರು ನವೆಂಬರ್ 2ಕ್ಕೆ ಸಮಾಧಿ ತೊಳೆದು ಮೇಣದಬತ್ತಿ ಹಚ್ಚುವಾಗ ಮಕ್ಕಳ ಕೈಗೂ ಪೊರಕೆ ಕೊಡಿ. ತೊಳೆದ ಕಲ್ಲಿನ ಹೆಸರು ಮರೆಯುವುದಿಲ್ಲ.

ಹೆಜ್ಜೆ 8: ಭಾಷೆ

ಬೆಂಗಳೂರಿನ ಮೊಮ್ಮಕ್ಕಳಿಗೆ ಕೊಂಕಣಿಯೋ ಮಲಯಾಳವೋ ತಮಿಳೋ ಅರ್ಧಂಬರ್ಧ. ಕಥೆ ಅವರಿಗೆ ಬರುವ ಭಾಷೆಯಲ್ಲೇ ಹೇಳಿ, ಒಂದು ವಾಕ್ಯ ಮಾತ್ರ ಮೂಲದಲ್ಲೇ ಉಳಿಸಿ. ಕೊಂಕಣಿಯನ್ನು ನಮ್ಮಲ್ಲಿ ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಅದು ಸುಲಭ. ನನ್ನ ಮಗ ಇಂಗ್ಲಿಷಿನಲ್ಲಿ ಕುಂಬಳಕಾಯಿ ಕಥೆ ಹೇಳುತ್ತಾನೆ. "ದಾರಿಯುದ್ದಕ್ಕೂ ಬೈಕೊಂಡೇ ಹೋದೆ" ಅನ್ನುವುದನ್ನು ಮಾತ್ರ ಅಜ್ಜಿಯ ದನಿಯಲ್ಲೇ ಹೇಳುತ್ತಾನೆ.

ಹೆಜ್ಜೆ 9: ಮಳೆಗಾಲದಿಂದ ಕಾಪಾಡಿ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಕಾಗದಕ್ಕೆ ಇಷ್ಟು ದೊಡ್ಡ ಶತ್ರು ಬೇರೆ ಇಲ್ಲ. ಹಳೇ ಸತ್ಯವೇದ, ಫೋಟೋಗಳನ್ನು ಹೊರಗೋಡೆಗೆ ತಾಗಿದ ಬೀರುವಿನಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಿಸಿಲು ಬಂದ ಮೇಲೆ ಒಮ್ಮೆ ತೆಗೆದು ನೆರಳಲ್ಲಿ ಗಾಳಿಗೆ ಇಡಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ನಮ್ಮ ಅಜ್ಜನ ಸತ್ಯವೇದದ ಮೊದಲ ಪುಟದಲ್ಲಿ ಮಕ್ಕಳೆಲ್ಲ ಹುಟ್ಟಿದ ತಾರೀಕಿತ್ತು. ಪ್ರೀತಿಯಿಂದ ಅದನ್ನು ಕಿತ್ತು ಲ್ಯಾಮಿನೇಟ್ ಮಾಡಿಸಿದೆವು. ಈಗ ಪ್ಲಾಸ್ಟಿಕ್ಕಿನೊಳಗೆ ಕಂದು ಕಲೆ ಹರಡುತ್ತಿದೆ, ಬಿಚ್ಚುವ ಹಾಗೂ ಇಲ್ಲ.

ಗಾಜಿಗೆ ಅಂಟಿದ ಫೋಟೋ ಕೀಳಬೇಡಿ. ಗಾಜಿನ ಮೇಲಿಂದಲೇ, ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಹಿಂಬದಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್, ಬಾಲ್‌ಪೆನ್ ಬೇಡ. ರೆಕಾರ್ಡಿಂಗ್ ಮೂರು ಕಡೆ ಇರಲಿ: ಒಂದು ನಿಮ್ಮ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ ಬೇರೆ ಊರಿನ ನೆಂಟರ ಮನೆಯಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ. ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇನೆ ಅಂದರೆ ಉಳಿಸಿದ ಹಾಗಲ್ಲ. ಜೊತೆಗೆ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಕೈಯಲ್ಲೇ ಬರೆಯಿರಿ. ಪ್ರತಿ ಕಥೆಯ ಕೊನೆಗೆ ಎರಡು ಪುಟ ಖಾಲಿ ಬಿಡಿ.

ಆ ಖಾಲಿ ಪುಟ ಯಾಕೆ ಅಂದರೆ, ಅಜ್ಜಿ ಹೋಗಿ ಎರಡು ವರ್ಷವಾಯಿತು. ಹೋದ ತಿಂಗಳು ಅವಳ ತಂಗಿ, ನಮ್ಮ ಚಿಕ್ಕಜ್ಜಿ, ಹೊಸನಗರದಿಂದ ಫೋನ್ ಮಾಡಿದ್ದರು. ಮೊಮ್ಮಗಳ ಫೋನಿನಲ್ಲಿ ನನ್ನ ಮಗ ಹೇಳಿದ ಕುಂಬಳಕಾಯಿ ಕಥೆ ಕೇಳಿದರಂತೆ. "ಅದನ್ನ ಜಗಲಿ ಮೇಲೆ ಇಟ್ಟಿದ್ದು ಯಾರು ಅಂತ ನಂಗೆ ಗೊತ್ತಲ್ಲೋ. ಅಕ್ಕಂಗೆ ಹೇಳಿರ್ಲಿಲ್ಲ. ಫೋನಲ್ಲಿ ಬೇಡ, ಬಾ" ಅಂದರು.

ನೋಟ್‌ಬುಕ್ ಬ್ಯಾಗಿಗೆ ಹಾಕಿಟ್ಟಿದ್ದೇನೆ. ಅವರದೂ ತಗಡಿನ ಶೀಟಿನ ಮನೆ. ಮಳೆ ಬಿಡಲಿ ಅಂತ ಕಾಯುತ್ತಿದ್ದೇನೆ.